ಬೀದಿ ನಾಟಕದಲ್ಲಿ ಆಫ್ರಿಕಾದ ಹುಡುಗನ ಪಾತ್ರ ಮಾಡೋಕೆ ಮುಖಕ್ಕೆ ಕಪ್ಪು ಬಳಿಯಬಹುದಾ? ತಂಡದಲ್ಲಿ ಜಗಳ ಶುರುವಾಗಿದೆ

ರಂಗಬಂಡಿ
ಎಲ್ಲರಿಗೂ ನಮಸ್ಕಾರ. ನಮ್ಮದು ಬನಶಂಕರಿ ಕಡೆಯ ಹವ್ಯಾಸಿ ತಂಡ. ಹಗಲು ಎಲ್ಲರಿಗೂ ಕೆಲಸ, ಸಂಜೆ ಪಾರ್ಕಿನಲ್ಲಿ ತಾಲೀಮು, ಅದೂ ವಾಚ್‌ಮನ್ ಸೀಟಿ ಊದುವವರೆಗೆ. ಈ ಸಲ ಇಪ್ಪತ್ತು ನಿಮಿಷದ ಬೀದಿ ನಾಟಕ ಕಟ್ಟುತ್ತಿದ್ದೇವೆ. ನಮ್ಮ ಊರಿಗೆ ಓದೋಕೆ, ದುಡಿಯೋಕೆ ಬರುವ ಆಫ್ರಿಕಾದವರನ್ನು, ಈಶಾನ್ಯ ರಾಜ್ಯದವರನ್ನು ನಾವು ಹೇಗೆ ನೋಡುತ್ತೇವೆ ಅನ್ನೋದೇ ವಿಷಯ. ಬಾಡಿಗೆ ಮನೆ, ಆಟೊ, ಅಂಗಡಿ, ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಹೋಗುವ ಜನ, ಎಲ್ಲ ಇದೆ.

ಮುಖ್ಯ ಪಾತ್ರ ಕಾಂಗೋದಿಂದ ಬಂದ ಒಬ್ಬ ವಿದ್ಯಾರ್ಥಿ. ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಅಭಿನಯ ಮಾಡುವ ಹುಡುಗ ‘ನಾನೇ ಮಾಡ್ತೀನಿ, ಮುಖಕ್ಕೆ ಕಪ್ಪು ಬಣ್ಣ ಹಾಕ್ಕೋತೀನಿ’ ಅಂತಿದ್ದಾನೆ. ನಿರ್ದೇಶಕರೂ ಹೂಂ ಅಂದಿದ್ದಾರೆ, ದೂರದಿಂದ ನೋಡಿದವರಿಗೂ ಗೊತ್ತಾಗಬೇಕಲ್ಲ ಅನ್ನೋದು ಅವರ ವಾದ. ಇಬ್ಬರು ಹುಡುಗಿಯರು ಮಾತ್ರ ಬಣ್ಣ ಬಳಿದರೆ ನಾವು ತಂಡದಲ್ಲೇ ಇರಲ್ಲ ಅಂತ ಕೂತಿದ್ದಾರೆ. ನಾನು ಮಧ್ಯೆ ಸಿಕ್ಕಿಹಾಕಿಕೊಂಡಿದ್ದೀನಿ. ಉದ್ದೇಶ ಒಳ್ಳೆಯದೇ ಇದೆ ಅಲ್ವಾ? ತಿಳಿದವರು ಹೇಳಿ.

ಚುರ್ಮುರಿ ಚಂದ್ರು
ಬೇಡ ಗುರು. ಒಂದು ವಿಡಿಯೋ ವಾಟ್ಸಾಪ್‌ಗೆ ಬಿತ್ತು ಅಂದರೆ ಮುಗೀತು. ಮಾತು ಯಾರೂ ಕೇಳಲ್ಲ, ಮುಖ ಮಾತ್ರ ನೋಡ್ತಾರೆ.

ಸುಳ್ಯದ ಭಾಗವತ
ಇದೊಳ್ಳೆ ಕಥೆಯಾಯ್ತು ಮಾರಾಯ್ರೆ. ಯಕ್ಷಗಾನದಲ್ಲಿ ನಾವು ಕಪ್ಪು, ಕೆಂಪು, ಹಸಿರು ಯಾವುದನ್ನೂ ಬಿಟ್ಟಿಲ್ಲ. ಚೌಕಿಯಲ್ಲಿ ಕನ್ನಡಿ ಹಿಡಿದು ಕೂತು, ಅಕ್ಕಿ ಹಿಟ್ಟು ಸುಣ್ಣ ಕಲಸಿ ಒಂದೊಂದೇ ಚುಟ್ಟಿ ಇಡುತ್ತಾ ರಾಕ್ಷಸ ಪಾತ್ರದ ಬಣ್ಣದ ವೇಷದವರು ಗಂಟೆಗಟ್ಟಲೆ ಮುಖ ಬರೆದುಕೊಳ್ಳುತ್ತಾರೆ. ಅದರಿಂದ ಯಾರಿಗೆ ಅವಮಾನ ಆಯಿತು? ಗಂಡಸರು ಸ್ತ್ರೀವೇಷ ಹಾಕುವುದಿಲ್ಲವಾ? ನಟ ಅಂದ ಮೇಲೆ ತಾನಲ್ಲದ್ದನ್ನು ಆಗಲೇಬೇಕು. ಅಮೆರಿಕದವರು ಮಾಡಿದ ಪಾಪಕ್ಕೆ ಇಲ್ಲಿ ನಾವು ಯಾಕೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು?

ಮಸಿಕುಡಿಕೆ
ಭಾಗವತರೇ, ಮಹಿಷಾಸುರ ಬಂದು ಮಾರತ್ತಹಳ್ಳಿಯಲ್ಲಿ ಪಿಜಿ ಕೇಳಲ್ಲ. ಕೇಳಿ ‘ನಿಮ್ಮವರಿಗೆ ಕೊಡಲ್ಲ’ ಅನ್ನಿಸಿಕೊಂಡು ವಾಪಸ್ ಹೋಗಲ್ಲ. ನಿಮ್ಮ ಬಣ್ಣದ ವೇಷ ಈ ಲೋಕದ ಯಾರ ಮುಖವೂ ಅಲ್ಲ. ಇಲ್ಲಿ ಬಳಿಯೋಕೆ ಹೊರಟಿರುವುದು ಪಕ್ಕದ ಬೀದಿಯಲ್ಲಿ ಬದುಕಿರುವ ಒಬ್ಬನ ಮುಖ.

ಅಮೆರಿಕದ ಕಥೆ ನಮಗ್ಯಾಕೆ ಅಂದರೂ ಸ್ವಲ್ಪ ತಿಳಿದಿರಲಿ. 1830ರ ದಶಕದಲ್ಲಿ ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಕಪ್ಪು ಬಳಿದುಕೊಂಡು, ಹರಕು ಬಟ್ಟೆ ಹಾಕಿ, ಕುಂಟುತ್ತಾ ಕುಣಿದು ಜನರನ್ನು ನಗಿಸಿದ. ಆ ಪಾತ್ರದ ಹೆಸರು ಜಿಮ್ ಕ್ರೋ. ಮುಂದೆ ಕಪ್ಪು ಜನರನ್ನು ಶಾಲೆ, ರೈಲು, ಹೋಟೆಲಿನಿಂದ ಬೇರೆ ಇಟ್ಟ ಕಾನೂನುಗಳಿಗೆ ಜನ ಕೊಟ್ಟಿದ್ದು ಅದೇ ಹೆಸರು. ಇಂಥ ಆಟಗಳಿಗೆ ಬಿರಡೆ ಸುಟ್ಟ ಮಸಿಯೇ ಬಣ್ಣ. ಅದು ಎಷ್ಟು ಓಡಿತು ಅಂದರೆ ಬರ್ಟ್ ವಿಲಿಯಮ್ಸ್‌ನಂಥ ದೊಡ್ಡ ಕಪ್ಪು ನಟನೂ ಸ್ಟೇಜ್ ಹತ್ತಬೇಕಾದರೆ ತನ್ನ ಕಪ್ಪು ಮುಖದ ಮೇಲೆ ಮತ್ತೆ ಕಪ್ಪು ಬಳಿದುಕೊಳ್ಳಬೇಕಾಯಿತು.

ಮೆಜೆಸ್ಟಿಕ್ ಮಂಜ
ನಮ್ಮ ಕಾಲೇಜ್ ಡೇ ನೆನಪಾಯ್ತು. ‘ಆಫ್ರಿಕನ್ ಡ್ಯಾನ್ಸ್’ ಅಂತ ಸೊಂಟಕ್ಕೆ ಸೊಪ್ಪು ಕಟ್ಟಿಕೊಂಡು, ಮೈಗೆಲ್ಲ ಬೂಟ್ ಪಾಲಿಶ್ ಬಳಿದುಕೊಂಡು ಎಂಟು ಜನ ಕುಣಿದಿದ್ದರು. ಫಸ್ಟ್ ಪ್ರೈಜು. ಆಮೇಲೆ ಪಾಲಿಶ್ ಹೋಗಲೇ ಇಲ್ಲ. ಹಾಸ್ಟೆಲ್ ಹಿಂದೆ ಸೀಮೆಎಣ್ಣೆ ಹಚ್ಚಿ ಉಜ್ಜಿ ಉಜ್ಜಿ ಮುಖ ಊದಿಕೊಂಡು ಕೂತಿದ್ದರು. ಅವರ ಪಕ್ಕದ ನಲ್ಲಿಯಲ್ಲಿ ನಮ್ಮ ಕ್ಲಾಸಿನ ಸುಡಾನ್ ಹುಡುಗ ತನ್ನ ಬಟ್ಟೆ ಒಗೀತಿದ್ದ. ಒಂದು ಮಾತೂ ಆಡಲಿಲ್ಲ, ಸೋಪು ಅವರ ಕಡೆ ತಳ್ಳಿ ಎದ್ದು ಹೋದ.

ಬೆಂಗ್ಳೂರ್ ಅಪ್ಪಟ
ಎಲ್ಲದಕ್ಕೂ ರೇಸಿಸಂ ಅನ್ನೋದು ಫ್ಯಾಶನ್ ಆಗಿದೆ. ನಮ್ಮ ಏರಿಯಾದಲ್ಲಿ ಮನೆ ಕೊಟ್ಟು ನೋಡಿ, ರಾತ್ರಿ ಎರಡು ಗಂಟೆಗೆ ಪಾರ್ಟಿ. ಮಾಲೀಕರು ಅನುಭವದಿಂದ ಬೇಡ ಅಂತಾರೆ, ಬಣ್ಣ ನೋಡಿ ಅಲ್ಲ. ಕನ್ನಡ ಕಲಿಯಲಿ ಮೊದಲು, ಎಲ್ಲ ಸರಿಹೋಗುತ್ತೆ.

ಜಯನಗರ ಜಾನಕಿ
ಎರಡು ಗಂಟೆ ಪಾರ್ಟಿ ನಮ್ಮ ಮೇಲಿನ ಮನೆಯ ಸಾಫ್ಟ್‌ವೇರ್ ಹುಡುಗರೂ ಮಾಡ್ತಾರೆ. ಅವರಿಂದಾಗಿ ಇಡೀ ದಾವಣಗೆರೆಗೆ ಯಾರೂ ಮನೆ ಇಲ್ಲ ಅನ್ನಲ್ಲ.

ಇಂಫಾಲ್‌ನಿಂದ ಇಂದಿರಾನಗರ
ಅಪ್ಪಟ ಅವರೇ, ಕನ್ನಡ ಕಲಿತಿದ್ದೇನೆ, ನೀವೇ ಓದ್ತಾ ಇದ್ದೀರಲ್ಲ. ಡಿಗ್ರಿ ಇಲ್ಲೇ ಮುಗಿಸಿದೆ, ಕೆಲಸವೂ ಇಲ್ಲೇ. ಕನ್ನಡದಲ್ಲಿ ಫೋನ್ ಮಾಡಿದಾಗ ಮನೆ ಖಾಲಿ ಇರುತ್ತೆ, ಬನ್ನಿ ಮೇಡಂ ಅಂತಾರೆ. ಗೇಟ್ ಹತ್ತಿರ ಹೋಗಿ ನಿಂತಾಗ ‘ಈಗ ತಾನೇ ಅಡ್ವಾನ್ಸ್ ತಗೊಂಡ್ವಿ’. ಬೋರ್ಡು ಮಾತ್ರ ಮುಂದಿನ ವಾರವೂ ಅಲ್ಲೇ ತೂಗ್ತಾ ಇರುತ್ತೆ.

2012ರ ಆಗಸ್ಟ್ ಯಾರಿಗಾದರೂ ನೆನಪಿದೆಯಾ? ಅಸ್ಸಾಮಿನ ಗಲಭೆ ಆದಮೇಲೆ, ನಿಮ್ಮ ಮೇಲೂ ದಾಳಿ ಆಗುತ್ತೆ ಅಂತ ಸುಳ್ಳು ಎಸ್ಸೆಮ್ಮೆಸ್ ಹರಡಿ ನಮ್ಮವರು ಸಾವಿರಗಟ್ಟಲೆ ಜನ ಸ್ಟೇಷನ್‌ಗೆ ಓಡಿದ್ದರು. ಗುವಾಹಟಿಗೆ ಸ್ಪೆಷಲ್ ರೈಲು ಬಿಟ್ಟಿದ್ದರು. ದಾಳಿ ಆಗಲಿಲ್ಲ, ನಿಜ. ಆದರೆ ಒಂದು ಮೆಸೇಜ್ ನೋಡಿ ಅಷ್ಟು ಜನ ಗಂಟುಮೂಟೆ ಕಟ್ಟಿದರಲ್ಲ, ಅದಕ್ಕೆ ಮುಂಚೆ ಅವರಿಗೆ ಇಲ್ಲಿ ಎಷ್ಟು ಧೈರ್ಯ ಇತ್ತು ಅಂತ ನೀವೇ ಲೆಕ್ಕ ಹಾಕಿ. ನಾಟಕದಲ್ಲಿ ಇದನ್ನು ಹಾಕಿ. ಮತ್ತೆ ದಯವಿಟ್ಟು ನನ್ನ ಪಾತ್ರ ಮಾಡೋಕೆ ಕಣ್ಣಿನ ಪಕ್ಕ ಟೇಪ್ ಅಂಟಿಸಿಕೊಳ್ಳಬೇಡಿ. ಅದನ್ನೂ ನೋಡಿದ್ದೇನೆ.

ಚುರ್ಮುರಿ ಚಂದ್ರು
2016ರ ಜನವರಿ ಕೊನೆಯಲ್ಲಿ ಹೆಸರಘಟ್ಟ ರಸ್ತೆ ಕಡೆ ಆಗಿದ್ದೂ ಇದೆ. ಸುಡಾನ್‌ನವನ ಕಾರು ಗುದ್ದಿ ಹೆಂಗಸೊಬ್ಬರು ತೀರಿಹೋದರು. ಅದಕ್ಕೆ ಸಂಬಂಧವೇ ಇಲ್ಲದೆ, ಆಮೇಲೆ ಆ ಕಡೆ ಬಂದ ತಾಂಜಾನಿಯಾದ ಹುಡುಗಿ ಮೇಲೆ ಗುಂಪು ಬಿತ್ತು. ಕಾರಿಗೂ ಬೆಂಕಿ ಇಟ್ಟರು. ಬಣ್ಣ ಒಂದೇ ಅಲ್ವಾ, ಅಷ್ಟೇ ಸಾಕಾಯ್ತು. ಅಪ್ಪಟ ಅವರು ಇದಕ್ಕೂ ‘ಅನುಭವ’ ಅಂತಾರಾ?

ಬೆಂಗ್ಳೂರ್ ಅಪ್ಪಟ
ಅದು ತಪ್ಪು ಅಂತ ನಾನೂ ಹೇಳ್ತೀನಿ. ಬಾಡಿಗೆಗೂ ಅದಕ್ಕೂ ಗಂಟು ಹಾಕಬೇಡಿ.

ಚಿತ್ರಸಂತೆ ಛತ್ರಿ
ಜಗಳ ಬಿಟ್ಟು ರಂಗಬಂಡಿ ಕೇಳಿದ್ದಕ್ಕೆ ಬರೋಣ. ನಮ್ಮ ಊರಿನ ಕಲಾವಿದೆ ಪುಷ್ಪಮಾಲಾ ಎನ್. ಅವರ ಕೆಲಸ ನೋಡಿದ್ದೀರಾ? ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜತೆ 2000ದಿಂದ 2004ರವರೆಗೆ ದಕ್ಷಿಣ ಭಾರತದ ಹೆಂಗಸರ ಹಳೇ ಚಿತ್ರಗಳನ್ನೆಲ್ಲ ಮತ್ತೆ ಕಟ್ಟಿ ಫೋಟೋ ತೆಗೆದರು. ಎಲ್ಲದರಲ್ಲೂ ವೇಷ ಅವರದೇ. ಅದರಲ್ಲೊಂದು, ಬ್ರಿಟಿಷರು ಬುಡಕಟ್ಟಿನವರನ್ನು ಅಳತೆಗೆ ನಿಲ್ಲಿಸುತ್ತಿದ್ದ ಫೋಟೋದ ಥರದ್ದು. ಹಿಂದೆ ಚದುರಂಗದ ಹಾಸಿನ ಹಾಗೆ ಕಪ್ಪು ಬಿಳುಪು ಚೌಕಗಳ ಪರದೆ, ಮುಂದೆ ಇವರು. ಹೊಸ ಕಾಲದ, ಹೆಸರಾದ ಒಬ್ಬ ಕಲಾವಿದೆ ಆ ಜಾಗದಲ್ಲಿ ಹೋಗಿ ನಿಂತಾಗ ನಮ್ಮ ಕಣ್ಣು ಅವರ ಮೈಯಿಂದ ಆ ಪರದೆಗೆ ಹೋಗುತ್ತೆ. ಯಾರು ತಂದು ಇಟ್ಟರು ಇದನ್ನ, ಅಳತೆ ಯಾರಿಗೆ ಬೇಕಿತ್ತು ಅಂತ ಕೇಳೋ ಹಾಗಾಗುತ್ತೆ.

ಹಾಗಂತ ವೇಷ ಹಾಕಿದರೆ ಎಲ್ಲ ಸರಿ ಅಂತ ಅಲ್ಲ. ಅವರು ಹಾಕಿದ್ದು ಫೋಟೋದ ವೇಷ. ನಿಮ್ಮ ಹುಡುಗ ಹಾಕೋಕೆ ಹೊರಟಿದ್ದು ಚರ್ಮದ ವೇಷ.

ಸುಳ್ಯದ ಭಾಗವತ
ಹಾಗಾದರೆ ಅವರು ಮಾಡಿದರೆ ಕಲೆ, ನಾವು ಮಾಡಿದರೆ ತಪ್ಪು. ಗ್ಯಾಲರಿಗೆ ಒಂದು ಕಾನೂನು, ಬೀದಿಗೆ ಒಂದು.

ಮಸಿಕುಡಿಕೆ
ಭಾಗವತರ ಈ ಮಾತಿನಲ್ಲಿ ಹುರುಳಿದೆ. ವ್ಯಂಗ್ಯ ಅನ್ನೋದು ಬೀದಿಯಲ್ಲಿ ಬೇಗ ಕೈ ಕೊಡುತ್ತೆ, ಗ್ಯಾಲರಿಯಲ್ಲೂ ಕೊಡುತ್ತೆ. 1992ರಲ್ಲಿ ಕೊಲಂಬಸ್ ಅಮೆರಿಕಕ್ಕೆ ಹೋಗಿ 500 ವರ್ಷ ಆಯ್ತು ಅಂತ ಎಲ್ಲ ಕಡೆ ಹಬ್ಬ. ಆಗ ಕೋಕೋ ಫುಸ್ಕೋ ಮತ್ತು ಗಿಯೆರ್ಮೊ ಗೋಮೆಸ್ ಪೇನ್ಯಾ ಎಂಬ ಇಬ್ಬರು ಕಲಾವಿದರು ಪಂಜರದಲ್ಲಿ ಕೂತರು. ಯಾರೂ ಕಂಡಿರದ ದ್ವೀಪದಿಂದ ತಂದ ಆದಿವಾಸಿಗಳು ನಾವು ಅಂತ ಬೋರ್ಡು. ಒಳಗೆ ಟೀವಿ ನೋಡೋದು, ಲ್ಯಾಪ್‌ಟಾಪ್ ಕುಟ್ಟೋದು, ಗೊಂಬೆ ಹೊಲಿಯೋದು. ದುಡ್ಡು ಕೊಟ್ಟರೆ ಕುಣಿತ, ಇನ್ನಷ್ಟು ಕೊಟ್ಟರೆ ಅರ್ಥವಿಲ್ಲದ ಭಾಷೆಯಲ್ಲಿ ಕಥೆ. ಮ್ಯಾಡ್ರಿಡ್, ಲಂಡನ್, ವಾಷಿಂಗ್ಟನ್ ಎಲ್ಲ ಕಡೆ ಆಡಿದರು. ಜನ ನೋಡಿ ನಾಚಿಕೊಳ್ಳುತ್ತಾರೆ ಅಂದುಕೊಂಡರೆ, ಬಹಳ ಜನ ನಿಜ ಅಂತಲೇ ನಂಬಿಬಿಟ್ಟರು! ಲ್ಯಾಪ್‌ಟಾಪ್ ಕಣ್ಣೆದುರಿಗೇ ಇದ್ದರೂ. ಫೋಟೋ ಹೊಡೆಸಿಕೊಂಡು ಹೋದರು.

ನಂಬದೆ ಇನ್ನೇನು. 1906ರಲ್ಲಿ ಓಟಾ ಬೆಂಗಾ ಎಂಬ ಕಾಂಗೋದ ಯುವಕನನ್ನು ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಕೋತಿಗಳ ಮನೆಯಲ್ಲಿಟ್ಟು ತೋರಿಸಿದ್ದರಲ್ಲ. ನಿಮ್ಮ ಪಾತ್ರವೂ ಕಾಂಗೋದವನೇ. ಈ ಕಥೆ ನಿಮ್ಮ ನಟನಿಗೆ ಹೇಳಿ, ಆಮೇಲೆ ಬಣ್ಣದ ಡಬ್ಬಿ ತೆಗೀತಾನಾ ನೋಡೋಣ.

ಮೆಜೆಸ್ಟಿಕ್ ಮಂಜ
ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಪಂಜರ ಇಟ್ಟರೆ ಐದು ನಿಮಿಷದಲ್ಲಿ ಪಕ್ಕದಲ್ಲಿ ಕಡಲೆಕಾಯಿ ಗಾಡಿ ನಿಲ್ಲುತ್ತೆ 😄

ಯಲ್ಲಾಪುರದವಳು
ಎಲ್ಲ ಓದಿದೆ. ನಾನು ಸಿದ್ದಿ ಹುಡುಗಿ, ನಮ್ಮ ಹಿರಿಯರ ಮೂಲ ಆಫ್ರಿಕಾ. ಮನೇಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಅಜ್ಜನ ಅಜ್ಜನ ಕಾಲದಿಂದ ಯಲ್ಲಾಪುರದ ಕಾಡಿನವರು. ಬೆಂಗಳೂರಲ್ಲಿ ಬಸ್ ಹತ್ತಿದರೆ ಕಂಡಕ್ಟರ್ ಇಂಗ್ಲಿಷಿನಲ್ಲಿ ‘ವೇರ್?’ ಅಂತಾರೆ. ‘ಅಣ್ಣಾ, ಕಾರ್ಪೊರೇಷನ್ ಒಂದು’ ಅಂದ ತಕ್ಷಣ ಇಡೀ ಬಸ್ಸು ತಿರುಗಿ ನೋಡುತ್ತೆ. ‘ಎಷ್ಟು ಚೆನ್ನಾಗಿ ಕನ್ನಡ ಕಲ್ತಿದ್ದೀಯಮ್ಮ, ಯಾವ ದೇಶ?’ ಉತ್ತರ ಕನ್ನಡ ಅಂದರೆ ಜೋಕ್ ಅಂದುಕೊಳ್ತಾರೆ. ಅಪ್ಪಟ ಅವರೇ, ನಾನು ಎಲ್ಲಿಗೆ ಹೋಗಿ ಕನ್ನಡ ಕಲೀಬೇಕು?

ಬಣ್ಣದ ವಿಷಯ: ಬೇಡ. ಕಾರಣ ಮೇಲಿನವರು ಹೇಳಿದ್ದಾರೆ.

ಜಯನಗರ ಜಾನಕಿ
ನೀವು ಬಂದು ಬರೆದದ್ದು ಒಳ್ಳೆಯದಾಯ್ತು ಕಣಮ್ಮ. ಸಿದ್ದಿ ಹೆಂಗಸರ ಕೌದಿ ಒಂದು ಪ್ರದರ್ಶನದಲ್ಲಿ ನೋಡಿದ್ದೆ, ಗೋಡೆ ತುಂಬ ತೂಗುಹಾಕಿದ್ದರು. ಏನು ಬಣ್ಣ!

ಯಲ್ಲಾಪುರದವಳು
ಥ್ಯಾಂಕ್ಸ್ ಅಮ್ಮ. ನಮ್ಮವ್ವ ಹೊಲೀತಾಳೆ. ಹಳೇ ಸೀರೆ, ಅಂಗಿ ತುಂಡು ಜೋಡಿಸಿ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರಬೇಕು, ಎಲ್ಲ ಕೈ ಹೊಲಿಗೆ. ಕೊನೆಗೆ ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಫೂಲ ಇಡದಿದ್ದರೆ ಕೌದಿ ಬತ್ತಲೆ ಇದ್ದ ಹಾಗೆ ಅಂತಾಳೆ. ಗೋಡೆಗೆ ಹಾಕಿದ್ದು ಖುಷಿ, ಆದರೆ ಅದು ಹೊದ್ದುಕೊಳ್ಳೋಕೆ ಹೊಲಿದದ್ದು. ನೋಡಿದವರು ‘ಆಫ್ರಿಕನ್ ಆರ್ಟ್’ ಅಂದಾಗ ಸಿಟ್ಟು ಬರುತ್ತೆ. ಅದರೊಳಗೆ ಇರೋದು ಹಳಿಯಾಳದ ಸಂತೆ ಸೀರೆ.

ಡಬಲ್ ರೋಡ್ ದೀಪು
ಸೂಪರ್! ನಾಟಕದಲ್ಲಿ ಸಿದ್ದಿಗಳ ಡಮಾಮಿ ಕುಣಿತ ಸೇರಿಸಿಬಿಡಿ, ಅಕ್ಕ ಬಂದು ಕುಣೀಲಿ, ಜನ ಸೇರ್ತಾರೆ.

ಯಲ್ಲಾಪುರದವಳು
ನಾನು ಅಕೌಂಟ್ಸ್ ಕೆಲಸ ಮಾಡೋದು ಅಣ್ಣಾ. ಸುಳ್ಯದವರೆಲ್ಲ ಯಕ್ಷಗಾನ ಕುಣೀತಾರಾ?

ಸುಳ್ಯದ ಭಾಗವತ
ನನ್ನ ತಮ್ಮನಿಗೆ ತಾಳವೇ ತಿಳಿಯುವುದಿಲ್ಲ.

ಕೆ.ಆರ್. ಪುರಂ ಕೀಲಿ
ಪ್ರಾಮಾಣಿಕವಾಗಿ ಒಂದು ಪ್ರಶ್ನೆ. ಇದೆಲ್ಲ ಮಾಡಿ ಏನು ಉಪಯೋಗ? ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಬಿಟ್ಟರು, 2019ರಲ್ಲಿ ಗುಂಡಿ ರಸ್ತೆಯಲ್ಲಿ ಗಗನಯಾತ್ರಿ ವೇಷದವನನ್ನು ಚಂದ್ರನ ಮೇಲೆ ಅನ್ನೋ ಹಾಗೆ ನಡೆದಾಡಿಸಿದರು, ಪಾಲಿಕೆಯವರು ಓಡಿ ಬಂದು ಗುಂಡಿ ಮುಚ್ಚಿದರು. ಸರಿ. ಮನೆ ಮಾಲೀಕನ ತಲೆಯೊಳಗಿನ ಗುಂಡಿಗೆ ಯಾವ ಪಾಲಿಕೆ?

ಮಸಿಕುಡಿಕೆ
ಉಪಯೋಗ ಅಳೆಯೋದು ಕಷ್ಟ, ಒಪ್ಪಿದೆ. ಆದರೆ ಎದುರಿಗಿರುವ ಒಬ್ಬನನ್ನೇ ಹಿಡಿದು ಮಾಡಿದ ಕಲೆಯೂ ಇದೆ. ಏಡ್ರಿಯನ್ ಪೈಪರ್ ಕಪ್ಪು ಜನಾಂಗದ ಕಲಾವಿದೆ, ನೋಡಿದರೆ ಬಿಳಿಯರ ಹಾಗೆ ಕಾಣುತ್ತಿದ್ದರು. ಪಾರ್ಟಿಗಳಲ್ಲಿ ಜನ ಅವರೆದುರೇ ಕಪ್ಪು ಜನರ ಬಗ್ಗೆ ಕೊಳಕು ಮಾತಾಡಿ ನಗುವುದು. 1986ರಲ್ಲಿ ಅವರು ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸಿದರು. ಯಾರಾದರೂ ಹಾಗೆ ಅಂದರೆ ಕೂಗಾಡೋದಿಲ್ಲ, ಆ ಕಾರ್ಡು ಕೈಗೆ ಕೊಡೋದು. ನಾನು ಕಪ್ಪು ಜನಾಂಗದವಳು, ನೀವು ಈಗ ಆ ಮಾತು ಆಡಿದಾಗ ನಿಮಗೆ ಅದು ಗೊತ್ತಿರಲಿಲ್ಲ ಅನ್ನಿಸುತ್ತೆ, ನಾನಿರೋದು ನಿಮಗೆ ಮುಜುಗರ ಆಗಿದ್ದರೆ ಕ್ಷಮಿಸಿ, ನಿಮ್ಮ ಮಾತಿಂದ ನನಗೆ ಮುಜುಗರ ಆಗಿದೆ, ಹೆಚ್ಚುಕಡಿಮೆ ಇಷ್ಟೇ ಒಕ್ಕಣೆ. ತುಂಬ ಮರ್ಯಾದೆಯ ಭಾಷೆ. ನುಂಗಲೂ ಆಗಲ್ಲ, ಉಗಿಯಲೂ ಆಗಲ್ಲ.

ಇಂಫಾಲ್‌ನಿಂದ ಇಂದಿರಾನಗರ
ಇದು ನನಗೆ ಬೇಕು!! ‘ನಮಸ್ಕಾರ. ನೀವು ಈಗ ನಿಮ್ಮ ಫ್ರೆಂಡ್‌ಗೆ ನನ್ನ ಬಗ್ಗೆ ಕನ್ನಡದಲ್ಲಿ ಹೇಳಿದ್ದು ಪೂರ್ತಿ ಅರ್ಥವಾಯಿತು. ಇನ್ನೂ ಆರು ಸ್ಟಾಪ್ ನಾವು ಒಟ್ಟಿಗೇ ಹೋಗಬೇಕು. ಶುಭ ಪ್ರಯಾಣ.’ ನಮ್ಮ ಮೆಟ್ರೋ ಮುದ್ರಣ.

ಚುರ್ಮುರಿ ಚಂದ್ರು
ಆಟೊದವರಿಗೂ ಒಂದು ಮಾಡಿ. ‘ಅಣ್ಣಾ, ಮೀಟರ್ ಇದೆ ಅಂತ ನನಗೂ ಗೊತ್ತು.’

ಮೆಜೆಸ್ಟಿಕ್ ಮಂಜ
ಆಟೊದವರು ಜಾತಿ ಧರ್ಮ ಬಣ್ಣ ನೋಡಲ್ಲ ಗುರು, ಎಲ್ಲರಿಗೂ ಒನ್ ಅಂಡ್ ಹಾಫ್. ಅಪ್ಪಟ ಸಮಾನತೆ.

ಗಾಂಧಿಬಜಾರ್ ಗಣಿ
ಜಾತಿ ಅಂದ್ರಲ್ಲ, ಅದನ್ನ ಬಿಟ್ಟು ಮಾತಾಡ್ತಿದ್ದೀರಿ ಎಲ್ಲರೂ. ‘ಸಸ್ಯಾಹಾರಿಗಳಿಗೆ ಮಾತ್ರ’ ಅಂತ ಬೋರ್ಡು ಹಾಕೋದು ಬದನೆಕಾಯಿ ಮೇಲಿನ ಪ್ರೀತಿಗಾ? ನಾನು ಹಾಸನದವನು, ಅಪ್ಪಟ ಕನ್ನಡ, ಬಣ್ಣವೂ ಸಾಧಾರಣ. ಹೆಸರು ಹೇಳಿದ ಮೇಲೆ ‘ನಿಮ್ಮ ಕಡೆ ಯಾವ ಪೈಕಿ?’ ಅಂತ ಶುರು. ಕಾಂಗೋ ಹುಡುಗನ ಕಥೆ ಹೇಳಿ, ಬೇಡ ಅನ್ನಲ್ಲ, ಆದರೆ ನೋಡುವವರು ‘ಪಾಪ ಪರದೇಶಿ’ ಅಂತ ಚಪ್ಪಾಳೆ ತಟ್ಟಿ ಮನೆಗೆ ಹೋಗಿ ನನಗೆ ಬಾಗಿಲು ಹಾಕ್ತಾರೆ. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ದಲಿತರನ್ನು ಕೊಂದು ಸುಟ್ಟರು. ‘ಸಮುದಾಯ’ ರಂಗತಂಡದವರು ಅದನ್ನ ಬೀದಿ ನಾಟಕ ಮಾಡಿ ಕರ್ನಾಟಕದ ಊರೂರಲ್ಲಿ ಆಡಿದರು. ದೂರದ ಬಿಹಾರದ ಕಥೆ ಅಂತ ಹೇಳಿ ನಮ್ಮ ಊರಿನ ಮುಖಕ್ಕೇ ಹಿಡಿದರು. ಹಾಗೆ ಮಾಡೋಕಾಗುತ್ತಾ ನೋಡಿ.

ಚಿತ್ರಸಂತೆ ಛತ್ರಿ
ಗಣಿ ಹೇಳಿದ ಬೋರ್ಡಿನಿಂದ ಒಂದು ಐಡಿಯಾ ಬಂತು. ಫ್ರೆಡ್ ವಿಲ್ಸನ್ ಎಂಬ ಕಲಾವಿದ 1992ರಲ್ಲಿ ಬಾಲ್ಟಿಮೋರಿನ ಒಂದು ಮ್ಯೂಸಿಯಂನ ಉಗ್ರಾಣ ಹೊಕ್ಕು, ಅವರದೇ ಸಾಮಾನು ಬೇರೆ ಥರ ಜೋಡಿಸಿಟ್ಟ. ಮಿರಮಿರ ಮಿಂಚುವ ಬೆಳ್ಳಿ ಹೂಜಿ, ಲೋಟಗಳ ನಡುವೆ ಗುಲಾಮರ ಕಾಲಿಗೆ ಹಾಕುತ್ತಿದ್ದ ಕಬ್ಬಿಣದ ಬೇಡಿ. ಚೀಟಿಯಲ್ಲಿ ಬರೆದದ್ದು ಇಷ್ಟೇ: ಲೋಹದ ಕೆಲಸ, 1793–1880. ಒಂದು ಬೈಗುಳ ಇಲ್ಲ, ಭಾಷಣ ಇಲ್ಲ.

ನೀವೂ ಹೊಸದಾಗಿ ಏನೂ ಮಾಡಬೇಡಿ. ಟು-ಲೆಟ್ ಬೋರ್ಡುಗಳನ್ನೇ ಸೇರಿಸಿ. ‘ಬ್ಯಾಚುಲರ್ಸ್ ಬೇಡ’, ‘ಫ್ಯಾಮಿಲಿ ಓನ್ಲಿ’, ‘ವೆಜ್ ಓನ್ಲಿ’. ಜತೆಗೆ ಬ್ರೋಕರ್ ವಾಟ್ಸಾಪ್‌ನಲ್ಲಿ ಕಳಿಸೋ ಸಾಲುಗಳನ್ನು ಅದೇ ಅಕ್ಷರದಲ್ಲಿ ಬರೆಸಿ, ಫೋನ್ ನಂಬರ್ ಅಳಿಸಿ. ನಾಟಕಕ್ಕೆ ಅದೇ ಪರದೆ.

ರಂಗಬಂಡಿ
ನಿನ್ನೆ ತಾಲೀಮಿನಲ್ಲಿ ಇದನ್ನೆಲ್ಲ ಓದಿ ಹೇಳಿದೆ. ನಿರ್ದೇಶಕರು ಮೊದಲು ಗುರ್ ಅಂದರು, ಆಮೇಲೆ ಅವರೇ ಕಥೆ ತಿರುಗಿಸಿದರು. ಕಾಂಗೋ ಹುಡುಗ ಸ್ಟೇಜಿನ ಮೇಲೆ ಬರೋದೇ ಇಲ್ಲ. ಒಬ್ಬ ಮನೆ ಮಾಲೀಕ, ಕೈಯಲ್ಲಿ ಬೀಗದ ಕೈ ಗೊಂಚಲು, ಸುತ್ತ ನಿಂತ ಜನರ ಮಧ್ಯೆ ಓಡಾಡುತ್ತಾ ಒಬ್ಬೊಬ್ಬರನ್ನೇ ಕೇಳುತ್ತಾನೆ. ಯಾವ ಊರು, ಯಾವ ಪೈಕಿ, ಏನು ತಿಂತೀರಿ, ಯಾರು ಬರ್ತಾರೆ ನಿಮ್ಮ ರೂಮಿಗೆ, ನಿಮ್ಮವರು ಎಲ್ಲ ಹೀಗೇನಾ. ನೋಡೋಕೆ ಬಂದವರೇ ಬಾಡಿಗೆದಾರರು. ಛತ್ರಿಯವರ ಬೋರ್ಡು ಹಿಂದೆ. ಬಣ್ಣ ಹಾಕ್ಕೋತೀನಿ ಅಂದಿದ್ದ ನಮ್ಮ ಹುಡುಗ ಈಗ ಬ್ರೋಕರ್, ಮೊದಲಿಗಿಂತ ಖುಷಿಯಾಗಿದ್ದಾನೆ.

ಯಲ್ಲಾಪುರದವರೇ, ನೀವು ಒಮ್ಮೆ ಬಂದು ನಿಮ್ಮ ಅನುಭವ ಹೇಳಿದರೆ ನಮಗೆ ಸಹಾಯ ಆಗುತ್ತೆ.

ಯಲ್ಲಾಪುರದವಳು
ಅನುಭವ ಹೇಳಿ ಹೇಳಿ ಸಾಕಾಗಿದೆ ಅಣ್ಣಾ. ಮಾಲೀಕನ ಪಾತ್ರ ಖಾಲಿ ಇದ್ದರೆ ನಾನು ಮಾಡ್ತೀನಿ. ಆ ಪ್ರಶ್ನೆಗಳೆಲ್ಲ ನನಗೆ ಬಾಯಿಪಾಠ.

ಇಂಫಾಲ್‌ನಿಂದ ಇಂದಿರಾನಗರ
ಅಯ್ಯೋ, ಇದು ಆಗಲೇಬೇಕು. ‘ಈಗ ತಾನೇ ಅಡ್ವಾನ್ಸ್ ತಗೊಂಡ್ವಿ’ ಡೈಲಾಗ್ ನನ್ನ ಕಾಣಿಕೆ.

ಸುಳ್ಯದ ಭಾಗವತ
ಹಾಗಾದರೆ ಅವರು ನಮ್ಮ ಮಾಲೀಕನ ಪಾತ್ರ ಮಾಡಬಹುದು, ನಾವು ಅವರ ಪಾತ್ರ ಮಾಡಬಾರದು. ಇದ್ಯಾವ ನ್ಯಾಯ ಮಾರಾಯ್ರೆ? ಜಗಳಕ್ಕೆ ಅಲ್ಲ, ತಿಳಿಯಲಿಕ್ಕೆ ಕೇಳುತ್ತಿದ್ದೇನೆ.

ಜಯನಗರ ಜಾನಕಿ
ಅವಳು ಮುಖಕ್ಕೆ ಪೌಡರ್ ಬಳಿದುಕೊಂಡು ಬರ್ತಾ ಇಲ್ಲವಲ್ಲ ಭಾಗವತರೇ. ಬೀಗದ ಕೈ ಹಿಡಿದಳು, ಮಾಲೀಕಳಾದಳು. ನಿಮ್ಮ ಹುಡುಗನಿಗೆ ಬಣ್ಣದ ಡಬ್ಬಿ ಬಿಟ್ಟು ಬೇರೆ ದಾರಿಯೇ ಹೊಳೀಲಿಲ್ಲ.

ಸುಳ್ಯದ ಭಾಗವತ
ಪೂರ್ತಿ ಒಪ್ಪಿದೆ ಅಂತ ಹೇಳುವುದಿಲ್ಲ. ನಾಟಕ ಯಾವತ್ತು ಅಂತ ಹೇಳಿ, ಚೆಂಡೆ ತರುತ್ತೇನೆ.

ಕೆ.ಆರ್. ಪುರಂ ಕೀಲಿ
ಚೆಂಡೆ ತರೋ ಮುಂಚೆ ಪೊಲೀಸರ ಹತ್ತಿರ ಹೋಗಿ. ಪ್ರತಿಭಟನೆ ಅಂತ ಬರೆದರೆ ಫ್ರೀಡಂ ಪಾರ್ಕಿಗೆ ಹೋಗಿ ಅಂತಾರೆ. ಸಾಂಸ್ಕೃತಿಕ ಕಾರ್ಯಕ್ರಮ ಅಂತ ಬರೆದು, ಸ್ಟೇಷನ್‌ಗೆ ಮುಂಚೆಯೇ ಅರ್ಜಿ ಕೊಟ್ಟು, ಸೀಲ್ ಹಾಕಿದ ಪ್ರತಿ ಜೇಬಲ್ಲಿ ಇಟ್ಟುಕೊಳ್ಳಿ. ಮೈಕ್ ಬೇಡ.

ಬೆಂಗ್ಳೂರ್ ಅಪ್ಪಟ
ನಾನು ಇನ್ನೂ ಒಪ್ಪಿಲ್ಲ. ಆದರೂ ನೋಡೋಕೆ ಬರ್ತೀನಿ. ಸ್ಕ್ರಿಪ್ಟಲ್ಲಿ ಬಾಡಿಗೆ ಎಷ್ಟು ಅಂತ ಇಟ್ಟಿದ್ದೀರಿ?

ರಂಗಬಂಡಿ
1 ಬಿಎಚ್‌ಕೆ, ಹತ್ತು ಸಾವಿರ, ಹತ್ತು ತಿಂಗಳ ಅಡ್ವಾನ್ಸ್.

ಬೆಂಗ್ಳೂರ್ ಅಪ್ಪಟ
ಬನಶಂಕರಿಯಲ್ಲಿ ಹತ್ತು ಸಾವಿರಾನಾ? ಯಾವ ಕಾಲದಲ್ಲಿ ಇದ್ದೀರಿ ಸ್ವಾಮಿ. ಮೊದಲು ಅದನ್ನ ತಿದ್ದಿ, ಇಲ್ಲಾಂದ್ರೆ ಜನ ನಾಟಕ ಬಿಟ್ಟು ಮಾಲೀಕರ ನಂಬರ್ ಕೇಳ್ತಾರೆ.

ಚುರ್ಮುರಿ ಚಂದ್ರು
ನನಗೂ ನಂಬರ್ ಬೇಕು. ಸೀರಿಯಸ್ಸಾಗಿ.